ನಿಮಗಿದು ಗೊತ್ತೇ? ಕಿಸೆಯಲ್ಲಿರುವ ಪೆನ್‌ಡ್ರೈವೇ ಕಂಪ್ಯೂಟರ್ ನಡೆಸಬಲ್ಲದು!

◆ ಹಾರ್ಡ್ ಡಿಸ್ಕ್ ಕೆಟ್ಟಿತೆಂದು ಇಡೀ ಲ್ಯಾಪ್‌ಟಾಪನ್ನೇ ಗುಜರಿಗೆ ಹಾಕುವವರು ಇಂದಿಗೂ ಇದ್ದಾರೆ. ಆ ಡಿಸ್ಕನ್ನು ಬಿಚ್ಚಿ ಪಕ್ಕಕ್ಕಿಟ್ಟರೂ ಯಂತ್ರ ಓಡುತ್ತದೆ. 8 ಜಿಬಿಯ ಪೆನ್‌ಡ್ರೈವಿಗೆ ಉಬುಂಟು, ಲಿನಕ್ಸ್ ಮಿಂಟ್‌ನಂಥ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಒಂದನ್ನು ಬರೆದು, ಸಿಕ್ಕಿಸಿ, ಅದರಿಂದಲೇ ಶುರುವಾಗುವಂತೆ ಮಾಡಿದರೆ ಕೆಲವೇ ನಿಮಿಷದಲ್ಲಿ ಬ್ರೌಸರ್, ವೀಡಿಯೊ, ಕಡತ ನೋಡುವ ಸಾಧನ ಎಲ್ಲವೂ ಪರದೆಯ ಮೇಲಿರುತ್ತವೆ. ಯಂತ್ರ ಬೇರೆ, ಅದನ್ನು ನಡೆಸುವ ಆಪರೇಟಿಂಗ್ ಸಿಸ್ಟಮ್ ಬೇರೆ. ಇವೆರಡನ್ನೂ ಒಂದೇ ಎಂದು ನಂಬಿಸಿದ್ದು ಅಂಗಡಿಯಲ್ಲಿ ಎರಡನ್ನೂ ಜೊತೆಯಾಗಿ ಮಾರುವ ಪದ್ಧತಿ.

◆ ಆಪರೇಟಿಂಗ್ ಸಿಸ್ಟಮನ್ನು ಕೈಯಲ್ಲಿ ಹಿಡಿದು ಓಡಾಡುವುದು ಹೊಸದೇನಲ್ಲ. ಪಿಸಿ ಹುಟ್ಟಿದ್ದೇ ಹಾಗೆ. 1981ರ ಆಗಸ್ಟ್‌ನಲ್ಲಿ ಬಂದ ಮೊದಲ ಐಬಿಎಂ ಪಿಸಿಯಲ್ಲಿ ಹಾರ್ಡ್ ಡಿಸ್ಕೇ ಇರಲಿಲ್ಲ. 160 ಕೆಬಿ ಹಿಡಿಯುವ ಫ್ಲಾಪಿಯಲ್ಲಿ ಡಾಸ್ ಇರುತ್ತಿತ್ತು. ಫ್ಲಾಪಿ ಹಾಕಿದರೆ ಯಂತ್ರಕ್ಕೆ ಜೀವ, ತೆಗೆದರೆ ಇಲ್ಲ. 10 ಎಂಬಿಯ ಹಾರ್ಡ್ ಡಿಸ್ಕ್ ಒಳಗೆ ಕೂತು ಬಂದದ್ದು 1983ರ ಐಬಿಎಂ ಎಕ್ಸ್‌ಟಿ ಯಂತ್ರದಲ್ಲಿ.

◆ 1988ರಲ್ಲಿ ಸ್ಟೀವ್ ಜಾಬ್ಸ್ ಹೊರತಂದ ನೆಕ್ಸ್ಟ್ ಕಂಪ್ಯೂಟರ್‌ನಲ್ಲಿ ಮುಖ್ಯ ಸಂಗ್ರಹವೇ 256 ಎಂಬಿಯ, ಹೊರತೆಗೆಯಬಹುದಾದ ಮ್ಯಾಗ್ನೆಟೊ-ಆಪ್ಟಿಕಲ್ ಡಿಸ್ಕ್. ಸಿಸ್ಟಮ್, ಕಡತ ಎಲ್ಲವನ್ನೂ ಡಿಸ್ಕ್ ಸಮೇತ ಒಯ್ದು ಇನ್ನೊಂದು ನೆಕ್ಸ್ಟ್ ಯಂತ್ರದಲ್ಲಿ ಮುಂದುವರಿಸಬಹುದು ಎಂಬುದು ಆಸೆ. ಆದರೆ ಡಿಸ್ಕ್ ತೀರಾ ನಿಧಾನ. ಆಲೋಚನೆ ಸರಿಯಿತ್ತು, ಅದಕ್ಕೆ ತಕ್ಕ ವಸ್ತು ಇನ್ನೂ ಬಂದಿರಲಿಲ್ಲ.

◆ 1992ರ ಕೊನೆಗೇ ಲಿನಕ್ಸ್ ಸಿ.ಡಿ.ಯಿಂದ ನೇರವಾಗಿ ನಡೆಯತೊಡಗಿತ್ತು. ಇಗ್‌ಡ್ರಸಿಲ್ ಎಂಬ ವಿತರಣೆ ಅದು. ಲೀನಸ್ ಟೊರ್ವಾಲ್ಡ್ಸ್ ತಮ್ಮ ಮೊದಲ ಲಿನಕ್ಸ್ ಬಿಡುಗಡೆ ಮಾಡಿ ಆಗಿನ್ನೂ ಒಂದೂಕಾಲು ವರ್ಷ.

◆ ಒಂದೇ ಒಂದು 1.44 ಎಂಬಿ ಫ್ಲಾಪಿಯಲ್ಲಿ ಆಪರೇಟಿಂಗ್ ಸಿಸ್ಟಮ್, ಕಿಟಕಿಗಳಿರುವ ಪರದೆ, ಇಂಟರ್‌ನೆಟ್ ಸಂಪರ್ಕ, ಬ್ರೌಸರ್ ಇಷ್ಟನ್ನೂ ಹಿಡಿಸಬಹುದೇ? 1990ರ ದಶಕದ ಕೊನೆಯಲ್ಲಿ ಕ್ಯೂಎನ್‌ಎಕ್ಸ್ ಕಂಪನಿ ಹಿಡಿಸಿ ತೋರಿಸಿತು. ಕೊಲಿಬ್ರಿ ಓಎಸ್ ಎಂಬುದು ಇವತ್ತಿಗೂ ಅಷ್ಟೇ ಜಾಗದಲ್ಲಿ ಕೂರುತ್ತದೆ. ಅದನ್ನು ಬರೆದಿರುವುದು ಅಸೆಂಬ್ಲಿ ಭಾಷೆಯಲ್ಲಿ. ಈಗ ಫೋನಿನಲ್ಲಿ ತೆಗೆದ ಒಂದು ಚಿತ್ರಕ್ಕೇ ಅದಕ್ಕಿಂತ ಹೆಚ್ಚು ಜಾಗ ಬೇಕು.

◆ ಈ ವಿದ್ಯೆಯನ್ನು ಸಾಮಾನ್ಯ ಜನರ ಕೈಗೆ ತಂದ ಹೆಸರು ನಾಪಿಕ್ಸ್. ಜರ್ಮನಿಯ ಎಂಜಿನಿಯರ್ ಕ್ಲಾಸ್ ನಾಪರ್ 2000ದ ಸೆಪ್ಟೆಂಬರ್‌ನಲ್ಲಿ ಮೊದಲ ಆವೃತ್ತಿ ಬಿಡುಗಡೆ ಮಾಡಿದರು. 700 ಎಂಬಿಯ ಸಿ.ಡಿ.ಯಲ್ಲಿ ಸುಮಾರು 2 ಜಿಬಿಯಷ್ಟು ತಂತ್ರಾಂಶ! ಎಲ್ಲವನ್ನೂ ಕುಗ್ಗಿಸಿ ಬರೆದು, ಬೇಕಾದ ತುಣುಕನ್ನು ಬೇಕಾದಾಗಷ್ಟೇ ಬಿಚ್ಚಿ ಓದುವ ಉಪಾಯ. ಅದಕ್ಕಿಂತ ದೊಡ್ಡ ಸಾಧನೆ ಇನ್ನೊಂದಿತ್ತು. ಆ ಕಾಲದಲ್ಲಿ ಲಿನಕ್ಸ್ ಹಾಕುವುದೆಂದರೆ ಯಾವ ವೀಡಿಯೊ ಕಾರ್ಡ್, ಯಾವ ಸೌಂಡ್ ಕಾರ್ಡ್, ಮಾನಿಟರ್ ತಡೆಯುವ ಆವರ್ತನ ಎಷ್ಟು ಎಂದೆಲ್ಲ ನಾವೇ ಹುಡುಕಿ ಬರೆದುಕೊಡಬೇಕಿತ್ತು. ನಾಪಿಕ್ಸ್ ಒಂದೂ ಪ್ರಶ್ನೆ ಕೇಳದೆ, ತಾನೇ ಎಲ್ಲವನ್ನೂ ಪತ್ತೆ ಹಚ್ಚಿ ಪರದೆ ತೆರೆಯುತ್ತಿತ್ತು. ಇವತ್ತು ಯಾವ ಲಿನಕ್ಸ್ ಹಾಕಿದರೂ ಹಾಗೆಯೇ ತೆರೆಯುತ್ತದೆ. ಆ ಸಲೀಸಿಗೆ ದಾರಿ ತೋರಿದವರಲ್ಲಿ ನಾಪರ್ ಹೆಸರು ಮುಂದೆ ಇರಬೇಕು.

◆ ಅವರಿಗಿಂತ ಕೆಲವು ತಿಂಗಳು ಮೊದಲು, 2000ದ ಮಾರ್ಚ್‌ನಲ್ಲಿ, ರಯಾನ್ ಫಿನ್ನಿ ಎಂಬವರ ಫಿನ್ನಿಕ್ಸ್ ಬಂತು. ಸಿಸ್ಟಮ್ ನಿರ್ವಾಹಕರಿಗೆಂದೇ ಮಾಡಿದ ಆ ಪುಟ್ಟ ಲಿನಕ್ಸ್ ಈಗಲೂ ಹೊಸ ಆವೃತ್ತಿಗಳನ್ನು ಕಾಣುತ್ತಿದೆ.

◆ ನಾಪರ್ ಅವರ ಪತ್ನಿ ಏಡ್ರಿಯಾನೆ ದೃಷ್ಟಿಸಮಸ್ಯೆ ಇರುವವರು. ಪರದೆ ನೋಡದೆಯೇ, ಧ್ವನಿಯನ್ನಷ್ಟೇ ಕೇಳಿಸಿಕೊಂಡು ಬಳಸಬಹುದಾದ ಡೆಸ್ಕ್‌ಟಾಪ್ ಒಂದನ್ನು ದಂಪತಿ ಸೇರಿ ರೂಪಿಸಿದರು. ಅದು ನಾಪಿಕ್ಸ್‌ನೊಳಗೇ ಬರುತ್ತದೆ. ಅದಕ್ಕೆ ಇಟ್ಟಿರುವುದು ಆಕೆಯದೇ ಹೆಸರು.

◆ ಉಬುಂಟು ಸಿ.ಡಿ. ಅಂಚೆಯಲ್ಲಿ ಮನೆಗೆ ಬರುತ್ತಿದ್ದ ಕಾಲ ನೆನಪಿದೆಯೇ? ಜಾಲತಾಣದಲ್ಲಿ ವಿಳಾಸ ಬರೆದು ಕೋರಿದರೆ ಕೆನೋನಿಕಲ್ ಸಂಸ್ಥೆ ಒಂದು ಪೈಸೆ ಕೇಳದೆ ಕಳಿಸುತ್ತಿತ್ತು. ಡಯಲ್-ಅಪ್ ಸಂಪರ್ಕದಲ್ಲಿ 700 ಎಂಬಿ ಇಳಿಸಿಕೊಳ್ಳುವುದು ಯೋಚಿಸಲೂ ಆಗದ ಮಾತಾಗಿದ್ದ ನಮ್ಮ ಊರುಗಳಿಗೆ ಆ ಲಕೋಟೆ ದೊಡ್ಡ ಉಪಕಾರ. 2011ರ ಏಪ್ರಿಲ್‌ನಲ್ಲಿ ಆ ಯೋಜನೆ ನಿಂತಿತು.

◆ ಪೆನ್‌ಡ್ರೈವ್‌ನ ಹಿಂದೆ ಮೂರು ದೇಶಗಳ ತಲೆಗಳಿವೆ. ಒಳಗಿನ ಫ್ಲ್ಯಾಶ್ ಮೆಮೊರಿ ಜಪಾನಿನ ತೊಶಿಬಾದಲ್ಲಿದ್ದ ಫುಜಿಯೊ ಮಸುವೊಕಾ ಅವರ ಸಂಶೋಧನೆ. ಅದನ್ನು ಅವರು 1984ರಲ್ಲಿ ಜಗತ್ತಿಗೆ ತಿಳಿಸಿದರು. ಸಿಕ್ಕಿಸುವ ಯುಎಸ್‌ಬಿ ಕಿಂಡಿಯನ್ನು ರೂಪಿಸಿದ ಇಂಟೆಲ್ ತಂಡದ ಮುಂದಾಳು ಅಜಯ್ ಭಟ್, ಬರೋಡಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಓದಿದವರು. ಯುಎಸ್‌ಬಿಯ ಮೊದಲ ಆವೃತ್ತಿ 1996ರ ಜನವರಿಯಲ್ಲಿ ಹೊರಬಿತ್ತು. ಎರಡನ್ನೂ ಜೋಡಿಸಿ ಕಿಸೆಗೆ ಇಳಿಸುವ ಪೇಟೆಂಟಿಗೆ ಇಸ್ರೇಲಿನ ಎಂ-ಸಿಸ್ಟಮ್ಸ್ 1999ರಲ್ಲಿ ಅರ್ಜಿ ಹಾಕಿತು.

◆ 2000ದಲ್ಲಿ ಐಬಿಎಂ ಮಾರಿದ ಪೆನ್‌ಡ್ರೈವಿನಲ್ಲಿ ಜಾಗ ಎಷ್ಟಿತ್ತು? 8 ಎಂಬಿ. ಇವತ್ತಿನ ಉಬುಂಟು ಅದರಲ್ಲಿ ಹಿಡಿಯಬೇಕಾದರೆ ಅಂಥ ನೂರಾರು ಡ್ರೈವ್ ಬೇಕಾಗುತ್ತಿದ್ದವು.

◆ ಪವರ್ ಬಟನ್ ಒತ್ತಿದೊಡನೆ, ಹಳೆಯ ಯಂತ್ರಗಳನ್ನು ಎಬ್ಬಿಸುವ ಬಯೋಸ್ ತಂತ್ರಾಂಶ ಮಾಡುವ ಕೆಲಸ ಬಹಳ ಸರಳ: ಡಿಸ್ಕಿನ ಮೊದಲ 512 ಬೈಟ್ ಓದುತ್ತದೆ, ಕೊನೆಯ ಎರಡು ಬೈಟ್‌ಗಳಲ್ಲಿ ನಿಗದಿತ ಗುರುತು ಇದೆಯೇ ಎಂದು ನೋಡುತ್ತದೆ, ಇದ್ದರೆ ಅಧಿಕಾರ ಬಿಟ್ಟುಕೊಡುತ್ತದೆ. ಡಿಸ್ಕ್ ಒಳಗಿನದೋ ಹೊರಗಿನದೋ ಎಂಬ ಭೇದವನ್ನು ಅದು ಎಣಿಸುವುದಿಲ್ಲ. ಅದರ ಜಾಗಕ್ಕೆ ಬಂದಿರುವ ಯುಇಎಫ್‌ಐ, ಪೆನ್‌ಡ್ರೈವಿನಲ್ಲಿ ಗೊತ್ತಾದ ಒಂದು ಫೋಲ್ಡರಿನೊಳಗೆ ಗೊತ್ತಾದ ಹೆಸರಿನ ಕಡತ ಹುಡುಕುತ್ತದೆ. ಸಿಕ್ಕಿದರೆ ಅದನ್ನೇ ನಡೆಸುತ್ತದೆ.

◆ ಇಡೀ ಸಿಸ್ಟಮ್ ಅಡಕವಾಗಿರುವ ಐಎಸ್‌ಒ ಕಡತವನ್ನು ಇಳಿಸಿಕೊಂಡು, ಹಾಡು ಹಾಕಿದ ಹಾಗೆ ಪೆನ್‌ಡ್ರೈವಿಗೆ ಕಾಪಿ ಮಾಡಿದರೆ ಬೂಟ್ ಆಗದು. ಹೊಸಬರು ಮೊದಲು ಎಡವುವುದು ಇಲ್ಲೇ. ರೂಫಸ್, ಬಲೇನಾ ಎಚರ್‌ನಂಥ ಸಾಧನಗಳಿಂದ ಅದನ್ನು ‘ಬರೆಯಬೇಕು’. ಬರೆದಾಗ ಪೆನ್‌ಡ್ರೈವಿನಲ್ಲಿ ಮೊದಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಮದುವೆಯ ಫೋಟೊ ಇರುವ ಡ್ರೈವನ್ನು ದಯವಿಟ್ಟು ಇದಕ್ಕೆ ಬಳಸಬೇಡಿ.

◆ ಸಿ.ಡಿ.ಗೆಂದು ಮಾಡಿದ ಕಡತವೇ ಪೆನ್‌ಡ್ರೈವಿನಲ್ಲೂ ನಡೆಯುವುದು ಹೇಗೆ? ಸಿ.ಡಿ.ಯ ಮಾನಕ ಮೊದಲ 32,768 ಬೈಟ್‌ಗಳನ್ನು ಖಾಲಿ ಬಿಟ್ಟಿದೆ, ಸಿ.ಡಿ. ಓದುವಾಗ ಆ ಜಾಗವನ್ನು ಯಾರೂ ನೋಡುವುದಿಲ್ಲ. ಬಯೋಸ್‌ಗೆ ಬೇಕಾದ ಆ 512 ಬೈಟ್‌ಗಳನ್ನು ಆ ಖಾಲಿ ಜಾಗದಲ್ಲೇ ಕೂರಿಸಿದರು. ಒಂದೇ ಕಡತ, ಎರಡು ವೇಷ. ಇಂಥ ಐಎಸ್‌ಒಗಳನ್ನು ತಯಾರಿಸುವ ಸಾಧನ ಸಿಸ್‌ಲಿನಕ್ಸ್ ಯೋಜನೆಯ ಕೊಡುಗೆ. ಈ ಕ್ಷೇತ್ರದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಜಾಣ್ಮೆ ಇದು.

◆ ಪೆನ್‌ಡ್ರೈವಿನಲ್ಲಿರುವ ಸಿಸ್ಟಮ್ ಓದಲಿಕ್ಕೆ ಮಾತ್ರ. ಅದರ ಒಂದಕ್ಷರವನ್ನೂ ತಿದ್ದಲು ಬರುವುದಿಲ್ಲ. ಆದರೂ ನೀವು ಅದರಲ್ಲಿ ಹೊಸ ತಂತ್ರಾಂಶ ಹಾಕಬಹುದು, ಸೆಟ್ಟಿಂಗ್ ಬದಲಿಸಬಹುದು, ಇರುವ ಕಡತ ಅಳಿಸಲೂಬಹುದು. ಇದು ಸಾಧ್ಯವಾಗುವುದು ಪದರಗಳಿಂದ. ಕೆಳಗೆ ಕುಗ್ಗಿಸಿಟ್ಟ ಮೂಲ ಸಿಸ್ಟಮ್, ಮೇಲೆ ರ್ಯಾಮ್‌ನಲ್ಲಿ ಒಂದು ಖಾಲಿ ಪದರ. ಶಾಲೆಯ ಭೂಪಟದ ಮೇಲೆ ಪಾರದರ್ಶಕ ಹಾಳೆ ಹಾಸಿ ಅದರ ಮೇಲೆ ಗೆರೆ ಎಳೆದಂತೆ: ನೋಡುವವರಿಗೆ ಗೆರೆ ಭೂಪಟದ ಮೇಲೇ ಇದ್ದಂತೆ ಕಾಣುತ್ತದೆ, ಹಾಳೆ ಎತ್ತಿದರೆ ಭೂಪಟ ಇದ್ದ ಹಾಗೇ ಇರುತ್ತದೆ. ನೀವು ತಿದ್ದಿದ ಕಡತದ ಹೊಸ ಪ್ರತಿ ಮೇಲಿನ ಪದರಕ್ಕೆ ಹೋಗುತ್ತದೆ. ಅಳಿಸಿದರೆ ‘ಇದು ಇಲ್ಲ ಎಂದು ತಿಳಿಯಿರಿ’ ಎಂಬ ಗುರುತೊಂದು ಅಲ್ಲಿ ಬೀಳುತ್ತದೆ. ಯಂತ್ರ ಆರಿಸಿದಾಗ ಮೇಲಿನ ಪದರ ಮಾಯ, ಮರುದಿನ ಮತ್ತೆ ಹೊಚ್ಚ ಹೊಸ ಸಿಸ್ಟಮ್.

◆ ಕುಗ್ಗಿಸಿಡುವ ವಿಧಾನದ ಹೆಸರು ಸ್ಕ್ವಾಷ್‌ಎಫ್‌ಎಸ್. ಫಿಲಿಪ್ ಲೌಹರ್ ಬರೆದದ್ದು, 2009ರಲ್ಲಿ ಲಿನಕ್ಸ್‌ನ ಮೂಲಕ್ಕೇ ಸೇರಿತು. ಪದರ ಹಾಸುವ ಓವರ್‌ಲೇಎಫ್‌ಎಸ್ ಮಿಕ್ಲೋಸ್ ಸೆರೆಡಿ ಅವರದು, ಸೇರಿದ್ದು 2014ರ ಡಿಸೆಂಬರ್‌ನಲ್ಲಿ. ಬೆಂಗಳೂರಿನ ಐಟಿ ಕಚೇರಿಗಳಲ್ಲಿ ದಿನವೂ ಬಳಕೆಯಾಗುವ ಡಾಕರ್ ಕಂಟೇನರುಗಳು ನಿಂತಿರುವುದು ಇದೇ ಪದರದ ತಂತ್ರದ ಮೇಲೆ.

◆ ನಾಳೆಯೂ ಕಡತ ಉಳಿಯಬೇಕೆಂದರೆ? ಮೇಲಿನ ಪದರವನ್ನು ರ್ಯಾಮ್‌ನ ಬದಲು ಪೆನ್‌ಡ್ರೈವಿನದೇ ಒಂದು ಭಾಗದಲ್ಲಿ ಇರಿಸಿದರಾಯಿತು. ಇದಕ್ಕೆ ‘ಪರ್ಸಿಸ್ಟೆನ್ಸ್’ ಎನ್ನುತ್ತಾರೆ. ರೂಫಸ್‌ನಲ್ಲಿ ಉಬುಂಟು ಬರೆಯುವಾಗ ಒಂದು ಜಾರುಗುಂಡಿಯನ್ನು ಎಳೆದು ಇದಕ್ಕೆ ಎಷ್ಟು ಜಾಗ ಬೇಕೆಂದು ಹೇಳಬಹುದು. ಗೆಳೆಯರ ಮನೆ, ಕಾಲೇಜಿನ ಲ್ಯಾಬ್, ಕಚೇರಿ, ಎಲ್ಲೇ ಸಿಕ್ಕಿಸಿದರೂ ನಿಮ್ಮದೇ ಡೆಸ್ಕ್‌ಟಾಪ್, ನಿಮ್ಮದೇ ಬುಕ್‌ಮಾರ್ಕ್. ಡ್ರೈವ್ ಕಳೆದುಹೋದರೆ ಇವೆಲ್ಲ ಇನ್ನೊಬ್ಬರ ಕೈ ಸೇರುತ್ತವೆ ಎಂಬುದನ್ನೂ ಮರೆಯಬಾರದು. ಆ ಭಾಗಕ್ಕೆ ಗೂಢಲಿಪಿಯ ಬೀಗ ಹಾಕುವ ಸೌಲಭ್ಯವಿರುವ ವಿತರಣೆಗಳಿವೆ; ಬಳಸಿಕೊಳ್ಳಿ.

◆ ಸಿಸ್ಟಮ್ ಓಡುತ್ತಿರುವಾಗಲೇ ಪೆನ್‌ಡ್ರೈವ್ ಕಿತ್ತು ಕಿಸೆಗೆ ಹಾಕಿಕೊಳ್ಳಬಹುದೇ? ಪಪ್ಪಿ ಲಿನಕ್ಸ್‌ನಲ್ಲಿ ಹೌದು. ಅದು ಇಡಿಯಾಗಿ ರ್ಯಾಮ್‌ಗೆ ಏರಿ ಕೂರುತ್ತದೆ. ಆಸ್ಟ್ರೇಲಿಯಾದ ಬ್ಯಾರಿ ಕೌಲರ್ 2003ರಲ್ಲಿ ಶುರು ಮಾಡಿದ್ದು. ತಮ್ಮ ಪುಟ್ಟ ನಾಯಿಯ ಹೆಸರನ್ನೇ ಇಟ್ಟರು. ಹದಿನೈದು ವರ್ಷ ಹಳೆಯ ಯಂತ್ರದಲ್ಲೂ ಅದು ಚುರುಕಾಗಿ ಓಡುವ ಗುಟ್ಟು ಅದೇ: ರ್ಯಾಮ್‌ನ ವೇಗದ ಮುಂದೆ ಹಳೆಯ ಹಾರ್ಡ್ ಡಿಸ್ಕ್ ಏನೂ ಅಲ್ಲ. ಡೆಬಿಯನ್, ಉಬುಂಟುಗಳಲ್ಲೂ ಬೂಟ್ ಆಗುವಾಗ ಸರಿಯಾದ ಸೂಚನೆ ಕೊಟ್ಟರೆ ಹೀಗೇ ರ್ಯಾಮ್‌ಗೆ ಏರಿಸಬಹುದು, ರ್ಯಾಮ್ ಸಾಕಷ್ಟು ಇರಬೇಕು ಅಷ್ಟೆ.

◆ ಟೈನಿ ಕೋರ್ ಲಿನಕ್ಸ್‌ನ ಕಿಟಕಿಗಳಿರುವ ಆವೃತ್ತಿ 25 ಎಂಬಿಗೂ ಕಡಿಮೆ. ಯಕ್ಷಗಾನದ ನಾಲ್ಕೈದು ಪದಗಳ ಎಂಪಿ3 ಕಡತಗಳಷ್ಟು ಜಾಗ.

◆ ವಿಂಡೋಸ್ ಹೀಗೆ ಊರೂರು ತಿರುಗುವುದು ಕಷ್ಟ. ಲಿನಕ್ಸ್ ಬಹುಪಾಲು ಯಂತ್ರಗಳ ಡ್ರೈವರುಗಳನ್ನು ತನ್ನೊಳಗೇ ಹೊತ್ತು ತಿರುಗುತ್ತದೆ, ಪ್ರತಿ ಸಲವೂ ಯಂತ್ರವನ್ನು ಹೊಸದಾಗಿ ಪರಿಶೀಲಿಸುತ್ತದೆ. ವಿಂಡೋಸ್ ಒಂದು ಯಂತ್ರಕ್ಕೆ ಒಗ್ಗಿಕೊಂಡು ಕೂರುತ್ತದೆ. ಅದರ ಪರವಾನಗಿಯೂ ಹಾಗೆಯೇ. ಮೈಕ್ರೋಸಾಫ್ಟ್ 2012ರಲ್ಲಿ ವಿಂಡೋಸ್ 8ರ ಎಂಟರ್‌ಪ್ರೈಸ್ ಆವೃತ್ತಿಯೊಂದಿಗೆ ‘ವಿಂಡೋಸ್ ಟು ಗೋ’ ಎಂಬ ಸೌಲಭ್ಯ ತಂದಿತ್ತು. ಓಡುತ್ತಿರುವಾಗ ಡ್ರೈವ್ ಕಿತ್ತರೆ ಪರದೆ ಹಾಗೇ ನಿಲ್ಲುತ್ತಿತ್ತು. 60 ಸೆಕೆಂಡಿನೊಳಗೆ ಮತ್ತೆ ಸಿಕ್ಕಿಸಿದರೆ ಬಿಟ್ಟಲ್ಲಿಂದ ಮುಂದುವರಿಕೆ, ಇಲ್ಲವಾದರೆ ಯಂತ್ರ ಬಂದ್. ಒಳ್ಳೆಯ ಸೌಲಭ್ಯವೇ, ಆದರೆ ವಿಂಡೋಸ್ 10ರ 2020ರ ಆವೃತ್ತಿಯಲ್ಲಿ ಅದನ್ನು ಕೈಬಿಟ್ಟರು. ಕೈಬಿಡಬಾರದಿತ್ತು.

◆ ರಿಪೇರಿಗೆ ಬಳಸುವ ಪುಟ್ಟ ವಿಂಡೋಸ್ ಒಂದಿದೆ, ವಿಂಡೋಸ್ ಪಿಇ. ಅದನ್ನೇ ದಿನಬಳಕೆಗೆ ಇಟ್ಟುಕೊಳ್ಳದಿರಲಿ ಎಂದು ನಿರಂತರ 72 ಗಂಟೆ ಓಡಿದರೆ ತಾನಾಗಿಯೇ ರೀಸ್ಟಾರ್ಟ್ ಆಗುವಂತೆ ಮಾಡಿದ್ದಾರೆ.

◆ ಆ ಪುಟ್ಟ ವಿಂಡೋಸ್‌ಗೆ ದೊಡ್ಡ ಕೆಲಸ ಬಿದ್ದದ್ದು 2024ರ ಜುಲೈ 19ರಂದು. ಕ್ರೌಡ್‌ಸ್ಟ್ರೈಕ್ ಭದ್ರತಾ ತಂತ್ರಾಂಶದ ದೋಷಪೂರ್ಣ ಅಪ್‌ಡೇಟ್‌ನಿಂದ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದು ಕೊಟ್ಟರು. ಬೂಟ್ ಆಗದ ಯಂತ್ರಕ್ಕೆ ದೂರದಿಂದ ಇನ್ನೊಂದು ಅಪ್‌ಡೇಟ್ ಕಳಿಸುವುದೆಂತು? ಮೈಕ್ರೋಸಾಫ್ಟ್ ಪೆನ್‌ಡ್ರೈವಿಗೆ ಬರೆದುಕೊಳ್ಳುವ ದುರಸ್ತಿ ಸಾಧನವನ್ನು ಬಿಡುಗಡೆ ಮಾಡಿತು. ತಂತ್ರಜ್ಞರು ಅದನ್ನು ಹಿಡಿದು ಯಂತ್ರದಿಂದ ಯಂತ್ರಕ್ಕೆ ನಡೆದರು, ಪೆನ್‌ಡ್ರೈವಿನಿಂದ ಬೂಟ್ ಮಾಡಿ ಆ ಕೆಟ್ಟ ಕಡತವನ್ನು ಅಳಿಸಿದರು.

◆ ನಿಮ್ಮ ಮನೆಯಲ್ಲೂ ಇದೇ ವಿದ್ಯೆ ನಡೆಯುತ್ತದೆ. ವಿಂಡೋಸ್ ಏಳುತ್ತಿಲ್ಲ, ಆದರೆ ಡಿಸ್ಕ್ ಗಟ್ಟಿಯಾಗಿದೆ ಎಂದಾದರೆ ಲಿನಕ್ಸ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಒಳಗಿನ ಕಡತಗಳನ್ನು ಹೊರಗಿನ ಇನ್ನೊಂದು ಡಿಸ್ಕಿಗೆ ನಕಲು ಮಾಡಿಕೊಳ್ಳಬಹುದು. ಎರಡು ತಡೆಗಳಿವೆ. ವಿಂಡೋಸ್‌ನ ‘ಫಾಸ್ಟ್ ಸ್ಟಾರ್ಟಪ್’ ಚಾಲೂ ಇದ್ದರೆ ಯಂತ್ರ ಪೂರ್ತಿ ಬಂದ್ ಆಗಿರುವುದಿಲ್ಲ, ಅರೆನಿದ್ದೆಯಲ್ಲಿರುತ್ತದೆ. ಅಂಥ ಡಿಸ್ಕಿಗೆ ಹೊರಗಿನಿಂದ ಬರೆಯಹೋದರೆ ಕಡತ ಹಾಳಾಗುವ ಅಪಾಯ. ಓದಿ ನಕಲು ಮಾಡಿಕೊಳ್ಳುವುದಷ್ಟನ್ನೇ ಮಾಡಿ. ಎರಡನೆಯದು ಡಿಸ್ಕಿಗೆ ಗೂಢಲಿಪಿಯ ಬೀಗ ಹಾಕುವ ಬಿಟ್‌ಲಾಕರ್. ಬೀಗ ಬಿದ್ದ ಡಿಸ್ಕ್ ತೆರೆಯಲು 48 ಅಂಕಿಗಳ ಕೀಲಿ ಬೇಕೇ ಬೇಕು. ಹೊಸ ಲ್ಯಾಪ್‌ಟಾಪುಗಳಲ್ಲಿ ಈ ಬೀಗ ನಿಮಗೆ ತಿಳಿಯದೆಯೇ ಬಿದ್ದಿರಬಹುದು. ಕೀಲಿ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಇವತ್ತೇ ನೋಡಿ ಬರೆದಿಟ್ಟುಕೊಳ್ಳಿ.

◆ ಅಪರಾಧ ತನಿಖೆಯಲ್ಲಿ ವಶಪಡಿಸಿಕೊಂಡ ಕಂಪ್ಯೂಟರನ್ನು ಅದರದೇ ವಿಂಡೋಸ್‌ನಿಂದ ಚಾಲೂ ಮಾಡಿದರೆ ನೂರಾರು ಕಡತಗಳ ದಿನಾಂಕ ಬದಲಾಗುತ್ತದೆ, ಸಾಕ್ಷ್ಯ ಕೆಡುತ್ತದೆ. ಕಾಲಿ ಲಿನಕ್ಸ್‌ನಲ್ಲಿ ಇದಕ್ಕೆಂದೇ ‘ಫೊರೆನ್ಸಿಕ್’ ಬೂಟ್ ಇದೆ. ಒಳಗಿನ ಡಿಸ್ಕನ್ನು ಅದು ತಾನಾಗಿ ಮುಟ್ಟುವುದೇ ಇಲ್ಲ.

◆ 2013ರಲ್ಲಿ ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯ ಬೇಹುಗಾರಿಕೆಯನ್ನು ಎಡ್ವರ್ಡ್ ಸ್ನೋಡನ್ ಬಯಲಿಗೆಳೆದಾಗ, ಅವರು ಮತ್ತು ಪತ್ರಕರ್ತರು ಮಾತಾಡಿಕೊಳ್ಳಲು ನೆಚ್ಚಿದ್ದು ಟೇಲ್ಸ್ ಎಂಬ ಪೆನ್‌ಡ್ರೈವ್ ಆಪರೇಟಿಂಗ್ ಸಿಸ್ಟಮ್. ಲಾರಾ ಪಾಯ್ಟ್ರಸ್, ಗ್ಲೆನ್ ಗ್ರೀನ್‌ವಾಲ್ಡ್, ಬಾರ್ಟನ್ ಗೆಲ್ಮನ್ ಮೂವರೂ ಆ ಸುದ್ದಿಗೆ ಅದು ಎಷ್ಟು ಅಗತ್ಯವಾಗಿತ್ತೆಂದು ಮುಂದೆ ಹೇಳಿದರು. 2009ರಿಂದ ಇರುವ ಟೇಲ್ಸ್, ಇಂಟರ್‌ನೆಟ್ ಸಂಚಾರವನ್ನೆಲ್ಲ ಬಳಸುವವರ ನೆಲೆ ಮರೆಸುವ ಟಾರ್ ಜಾಲದ ಮೂಲಕವೇ ಕಳಿಸುತ್ತದೆ. ಒಳಗಿನ ಹಾರ್ಡ್ ಡಿಸ್ಕಿನಲ್ಲಿ ಯಾವ ಗುರುತನ್ನೂ ಬಿಡುವುದಿಲ್ಲ. ನಿಜವಾದ ಅಪಾಯ ಎದುರಿಸುವ ಪತ್ರಕರ್ತರಿಗೆ, ಮನೆಯೊಳಗೇ ಕಣ್ಗಾವಲಿಗೆ ಸಿಕ್ಕಿ ಸಹಾಯ ಹುಡುಕುವ ಹೆಂಗಸರಿಗೆ ಇದು ಉಚಿತವಾಗಿ ಸಿಗುತ್ತದೆ ಎಂಬುದೇ ದೊಡ್ಡ ಸಂಗತಿ. 2024ರಲ್ಲಿ ಟೇಲ್ಸ್ ಟಾರ್ ಪ್ರಾಜೆಕ್ಟಿನೊಂದಿಗೆ ಒಂದಾಯಿತು.

◆ ಬಂದ್ ಆಗುವಾಗ ಟೇಲ್ಸ್ ರ್ಯಾಮನ್ನೂ ಅಳಿಸುತ್ತದೆ. ವಿದ್ಯುತ್ ಹೋದ ಕೂಡಲೇ ರ್ಯಾಮ್‌ನಲ್ಲಿದ್ದದ್ದು ಹೋಗುತ್ತದೆಂದು ನಾವೆಲ್ಲ ಓದಿದ್ದೇವೆ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು ಮತ್ತು ಸಂಗಡಿಗರು 2008ರಲ್ಲಿ ಹಾಗಲ್ಲವೆಂದು ತೋರಿಸಿದರು. ಮಾಹಿತಿ ಕೆಲವು ಸೆಕೆಂಡು ಉಳಿಯುತ್ತದೆ. ಚಿಪ್ಪನ್ನು ತಣ್ಣಗಾಗಿಸಿದರೆ ನಿಮಿಷಗಟ್ಟಲೆ. ಅಷ್ಟರೊಳಗೆ ಗೂಢಲಿಪಿಯ ಕೀಲಿಯನ್ನು ಎತ್ತಿಕೊಳ್ಳಬಹುದು.

◆ ಅಮೆರಿಕದ ವಾಯುಪಡೆಯ ಸಂಶೋಧನಾಲಯವೂ ಒಂದು ಪೆನ್‌ಡ್ರೈವ್ ಲಿನಕ್ಸ್ ಮಾಡಿತ್ತು. ಸಿಬ್ಬಂದಿ ಮನೆಯ ಕಂಪ್ಯೂಟರಿನಿಂದಲೇ ಕಚೇರಿ ಜಾಲಕ್ಕೆ ಸೇರಬೇಕಾದಾಗ, ಆ ಯಂತ್ರದಲ್ಲಿ ಯಾವ ವೈರಸ್ ಇದೆಯೋ ಬಲ್ಲವರಾರು? ಡಿಸ್ಕನ್ನು ಮುಟ್ಟದೆ ರ್ಯಾಮ್‌ನಲ್ಲೇ ನಡೆಯುವ ಸಿಸ್ಟಮ್ ಕೊಟ್ಟರೆ ಆ ಪ್ರಶ್ನೆ ಬಹುಮಟ್ಟಿಗೆ ಬಗೆಹರಿಯುತ್ತದೆ.

◆ ‘ಬಹುಮಟ್ಟಿಗೆ’ ಎಂದದ್ದಕ್ಕೆ ಕಾರಣವಿದೆ. ಸೈಬರ್ ಸೆಂಟರಿನ ಯಂತ್ರಕ್ಕೆ ನಿಮ್ಮ ಪೆನ್‌ಡ್ರೈವ್ ಹಾಕಿದರೆ ಆ ಡಿಸ್ಕಿನ ವೈರಸ್ ಎದ್ದೇಳುವುದಿಲ್ಲ, ನಿಜ. ಆದರೆ ಕೀಲಿಮಣೆಯ ತಂತಿಗೆ ಯಾರಾದರೂ ಒತ್ತಿದ ಕೀಲಿಗಳನ್ನೆಲ್ಲ ದಾಖಲಿಸುವ ಕೀಲಾಗರ್ ಉಪಕರಣ ಸಿಕ್ಕಿಸಿದ್ದರೆ ಯಾವ ಆಪರೇಟಿಂಗ್ ಸಿಸ್ಟಮೂ ಅದನ್ನು ತಡೆಯಲಾರದು. ಪೆನ್‌ಡ್ರೈವಿನ ಒಳಚಿಪ್ಪನ್ನೇ ಬದಲಿಸಿ ಅದು ಕೀಲಿಮಣೆಯಂತೆ ನಟಿಸುವಂತೆ ಮಾಡಬಹುದೆಂದು ಬರ್ಲಿನ್ನಿನ ಸಂಶೋಧಕ ಕಾರ್ಸ್ಟನ್ ನೋಲ್ ಮತ್ತು ಸಂಗಡಿಗರು 2014ರಲ್ಲಿ ತೋರಿಸಿದರು. ದಾರಿಯಲ್ಲಿ ಸಿಕ್ಕ ಡ್ರೈವನ್ನು ಎಂದೂ ಸಿಕ್ಕಿಸಬೇಡಿ.

◆ 2016ರ ಫೆಬ್ರುವರಿ 20ರಂದು ಲಿನಕ್ಸ್ ಮಿಂಟ್‌ನ ಅಧಿಕೃತ ತಾಣದಿಂದಲೇ ಇಳಿಸಿಕೊಂಡ ಕೆಲವರಿಗೆ ಕಳ್ಳಬಾಗಿಲಿರುವ ನಕಲಿ ಐಎಸ್‌ಒ ಸಿಕ್ಕಿತು. ತಾಣಕ್ಕೆ ನುಗ್ಗಿದವರು ಕೊಂಡಿಯನ್ನು ಬೇರೆಡೆ ತಿರುಗಿಸಿದ್ದರು. ತಂಡ ಬೇಗನೆ ಪತ್ತೆಹಚ್ಚಿ ಎಲ್ಲವನ್ನೂ ಬಹಿರಂಗವಾಗಿ ಹೇಳಿತು. ಐಎಸ್‌ಒ ಜೊತೆಗೆ ಕೊಡುವ ಎಸ್‌ಎಚ್‌ಎ-256 ಮೊತ್ತವನ್ನು ತಾಳೆ ನೋಡುವ, ಅದರ ಸಹಿಯನ್ನೂ ಪರೀಕ್ಷಿಸುವ ಎರಡು ನಿಮಿಷದ ಕೆಲಸ ಯಾಕೆ ಬೇಕೆಂದು ಕೇಳುವವರಿಗೆ ಇದೇ ಉತ್ತರ.

◆ ಸಂತೆಯಲ್ಲಿ 2 ಟಿಬಿ ಪೆನ್‌ಡ್ರೈವ್ ಮುನ್ನೂರು ರೂಪಾಯಿಗೆ ಸಿಕ್ಕಿತೇ? ಅದು ನಕಲಿ. ಒಳಗಿರುವ ಚಿಪ್ ಸಣ್ಣದು, ದೊಡ್ಡದೆಂದು ಸುಳ್ಳು ಹೇಳುವಂತೆ ತಿದ್ದಿರುತ್ತಾರೆ. ಜಾಗ ಮುಗಿದ ಮೇಲೆ ಬರೆದದ್ದು ಎಲ್ಲೂ ಉಳಿಯುವುದಿಲ್ಲ. ಎಚ್2ಟೆಸ್ಟ್‌ಡಬ್ಲ್ಯೂ, ಎಫ್3 ಎಂಬ ಉಚಿತ ಸಾಧನಗಳು ಇಡೀ ಡ್ರೈವನ್ನು ತುಂಬಿ, ಮತ್ತೆ ಓದಿ ನಿಜ ಹೇಳುತ್ತವೆ.

◆ ಫ್ಲ್ಯಾಶ್ ಮೆಮೊರಿಗೆ ಆಯಸ್ಸಿದೆ. ಪ್ರತಿ ಸಲ ಅಳಿಸಿ ಬರೆದಾಗಲೂ ಕೋಶ ಸವೆಯುತ್ತದೆ, ಅಗ್ಗದ ಡ್ರೈವುಗಳಲ್ಲಿ ಈ ಸವೆತ ಬೇಗ. ಆಗೊಮ್ಮೆ ಈಗೊಮ್ಮೆ ಬಳಸಲು ಯಾವ ಪೆನ್‌ಡ್ರೈವಾದರೂ ಸಾಕು. ದಿನವೂ ಅದರಲ್ಲೇ ಕೆಲಸವೆಂದರೆ ಯುಎಸ್‌ಬಿಗೆ ಸಿಕ್ಕಿಸುವ ಪುಟ್ಟ ಎಸ್‌ಎಸ್‌ಡಿ ಕೊಳ್ಳುವುದೇ ಒಳ್ಳೆಯದು. ಯುಎಸ್‌ಬಿ 2.0ರ ಗರಿಷ್ಠ ವೇಗ ಸೆಕೆಂಡಿಗೆ 480 ಮೆಗಾಬಿಟ್, 3.0ರದು 5,000. ಕಿಂಡಿಯ ಒಳಗೆ ನೀಲಿ ಬಣ್ಣ ಕಂಡರೆ ಅದು ಸಾಮಾನ್ಯವಾಗಿ 3.0, ಅದಕ್ಕೇ ಸಿಕ್ಕಿಸಿ.

◆ ಪೆನ್‌ಡ್ರೈವ್ ಲಿನಕ್ಸ್ ಬಳಸಿದ ಮೇಲೆ ವಿಂಡೋಸ್‌ನ ಗಡಿಯಾರ ಐದೂವರೆ ಗಂಟೆ ಹಿಂದಾಯಿತೇ? ವೈರಸ್ ಅಲ್ಲ, ಬ್ಯಾಟರಿಯೂ ಹೋಗಿಲ್ಲ. ಯಂತ್ರದೊಳಗಿನ ಗಡಿಯಾರದಲ್ಲಿ ವಿಂಡೋಸ್ ನಮ್ಮೂರ ಸಮಯ ಇಡುತ್ತದೆ, ಲಿನಕ್ಸ್ ಜಾಗತಿಕ ಪ್ರಮಾಣ ಸಮಯ ಇಡುತ್ತದೆ. ಎರಡರ ನಡುವೆ ಭಾರತಕ್ಕೆ 5 ಗಂಟೆ 30 ನಿಮಿಷದ ಅಂತರ. ಅದಕ್ಕೇ ಬ್ಯಾಂಕಿನ ಪುಟಗಳು ಒಮ್ಮೊಮ್ಮೆ ತೆರೆಯದೆ ಪ್ರಮಾಣಪತ್ರದ ದೂರು ಹೇಳುತ್ತವೆ. ಇಂಟರ್‌ನೆಟ್ ಸಮಯದೊಂದಿಗೆ ಸರಿಹೊಂದಿಸಿದರೆ ಮುಗಿಯಿತು.

◆ ಬೂಟ್ ಮೆನು ತೆರೆಯುವ ಕೀಲಿ ಕಂಪನಿಗೊಂದು. ಡೆಲ್, ಲೆನೊವೊಗಳಲ್ಲಿ ಹೆಚ್ಚಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಇಂಟೆಲ್ ಚಿಪ್ಪಿನ ಮ್ಯಾಕ್‌ನಲ್ಲಿ ಆಪ್ಶನ್. ಎಂ-ಸರಣಿ ಚಿಪ್ಪಿನ ಮ್ಯಾಕ್‌ಗಳಲ್ಲಿ ಸಾಮಾನ್ಯ ಪಿಸಿಗೆ ಮಾಡಿದ ಪೆನ್‌ಡ್ರೈವ್ ನಡೆಯದು, ಪ್ರೊಸೆಸರಿನ ಜಾತಿಯೇ ಬೇರೆ. ತೀರಾ ಹಳೆಯ 32-ಬಿಟ್ ಪಿಸಿ ಇದ್ದರೆ ಆವೃತ್ತಿ ನೋಡಿ ಆರಿಸಿ: 2025ರಲ್ಲಿ ಬಂದ ಡೆಬಿಯನ್ 13ರಲ್ಲಿ 32-ಬಿಟ್ ಪಿಸಿಗೆ ಇನ್‌ಸ್ಟಾಲರೇ ಇಲ್ಲ.

◆ ಹಿಂದೆ ಚೆನ್ನಾಗಿ ಬೂಟ್ ಆಗುತ್ತಿದ್ದ ಹಳೆಯ ಪೆನ್‌ಡ್ರೈವ್ 2024ರ ಆಗಸ್ಟ್ ನಂತರ ಏಕಾಏಕಿ ನಿಂತಿದ್ದರೆ ಡ್ರೈವನ್ನು ದೂರಬೇಡಿ. ಆ ತಿಂಗಳ ವಿಂಡೋಸ್ ಅಪ್‌ಡೇಟ್, ಭದ್ರತಾ ದೋಷವಿದ್ದ ಹಳೆಯ ಲಿನಕ್ಸ್ ಬೂಟ್‌ಲೋಡರುಗಳನ್ನು, ನಂಬಿಕೆಯ ತಂತ್ರಾಂಶವನ್ನಷ್ಟೇ ಬೂಟ್ ಆಗಲು ಬಿಡುವ ಸೆಕ್ಯೂರ್ ಬೂಟ್ ವ್ಯವಸ್ಥೆ ಒಪ್ಪದಂತೆ ಮಾಡಿತು. ಹೊಸ ಐಎಸ್‌ಒ ಇಳಿಸಿ ಮತ್ತೊಮ್ಮೆ ಬರೆದರೆ ಸರಿಹೋಗುತ್ತದೆ.

◆ ಪ್ರತಿ ಸಿಸ್ಟಮಿಗೂ ಒಂದೊಂದು ಪೆನ್‌ಡ್ರೈವ್ ಬೇಕಿಲ್ಲ. 2020ರಲ್ಲಿ ಬಂದ ವೆಂಟಾಯ್ ಅನ್ನು ಒಮ್ಮೆ ಹಾಕಿದರೆ ಐಎಸ್‌ಒಗಳನ್ನು ಮಾಮೂಲಿ ಕಡತದಂತೆ ಕಾಪಿ ಮಾಡಿ ಇಡಬಹುದು. ಬೂಟ್ ಆಗುವಾಗ ಪಟ್ಟಿ ಬರುತ್ತದೆ, ಬೇಕಾದದ್ದನ್ನು ಆರಿಸಿಕೊಳ್ಳಬಹುದು. ಡಿಸ್ಕ್ ಭಾಗ ಮಾಡುವ ಜಿಪಾರ್ಟೆಡ್, ಡಿಸ್ಕನ್ನು ಇಡಿಯಾಗಿ ನಕಲು ಮಾಡುವ ತೈವಾನಿನ ಕ್ಲೋನ್‌ಜಿಲ್ಲಾ, ರ್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್, ಜೊತೆಗೆ ಒಂದು ಪೂರ್ಣ ಲಿನಕ್ಸ್ ಇದ್ದರೆ ಬಡಾವಣೆಯ ಮುಕ್ಕಾಲು ಪಾಲು ಕಂಪ್ಯೂಟರ್ ಸಮಸ್ಯೆಗಳಿಗೆ ಅಲ್ಲೇ ದಾರಿ ಸಿಗುತ್ತದೆ.

◆ ಒಂದೇ ಕಂಪ್ಯೂಟರ್ ಮುಂದೆ ಹತ್ತು ಮಕ್ಕಳು ಸರದಿಯಲ್ಲಿ ಕೂರುವ ಶಾಲೆಗೆ 2009ರಲ್ಲಿ ಶುಗರ್ ಲ್ಯಾಬ್ಸ್ ಕೊಟ್ಟ ಉತ್ತರ ‘ಶುಗರ್ ಆನ್ ಎ ಸ್ಟಿಕ್’. ಕಂಪ್ಯೂಟರ್ ಶಾಲೆಯದು, ಪೆನ್‌ಡ್ರೈವ್ ಮಗುವಿನದು. ಬರೆದ ಚಿತ್ರ, ಕಲಿತ ಪಾಠ ಎಲ್ಲವೂ ಆ ಮಗುವಿನ ಡ್ರೈವಿನಲ್ಲೇ. ಮನೆಯಲ್ಲೋ ನೆಂಟರಲ್ಲೋ ಯಂತ್ರ ಸಿಕ್ಕಿದರೆ ಅಲ್ಲೂ ಮುಂದುವರಿಯುತ್ತದೆ. ಸರ್ಕಾರಿ ಶಾಲೆಗಳಿಗೆ ಯಂತ್ರ ಕೊಡುವವರು ಈ ಮಾದರಿಯನ್ನು ಒಮ್ಮೆಯಾದರೂ ನೋಡಲಿ ಎಂಬುದು ನನ್ನ ಕಳಕಳಿ.

◆ ಈಗ ಕನ್ನಡದ ಮಾತು. ಜಗತ್ತಿನ ಯಾವ ಮೂಲೆಯಲ್ಲಿ ಉಬುಂಟು, ಫೆಡೋರಾ, ಮಿಂಟ್ ಪೆನ್‌ಡ್ರೈವ್ ಸಿಕ್ಕಿಸಿದರೂ ಕೀಲಿಮಣೆ ಪಟ್ಟಿಯಲ್ಲಿ ‘ಕನ್ನಡ (ಕಗಪ, ಫೊನೆಟಿಕ್)’ ಎಂಬ ಆಯ್ಕೆ ಇರುತ್ತದೆ. ಕಗಪ ಎಂದರೆ ನಮ್ಮ ಕನ್ನಡ ಗಣಕ ಪರಿಷತ್ತು! ಆ ವಿನ್ಯಾಸದ ಬೇರು ಇರುವುದು ಮಂಗಳೂರು ಸಮೀಪದ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯಲ್ಲಿ. ಇನ್ನೂ ಸಂತೋಷದ ಸಂಗತಿಯೆಂದರೆ ಅದೇ ಪಟ್ಟಿಯಲ್ಲಿ ಹಿಂದಿ, ಮರಾಠಿ, ಸಂಸ್ಕೃತ, ತೆಲುಗು ಭಾಷೆಗಳಿಗೂ ‘ಕಗಪ’ ಹೆಸರಿನ ಕೀಲಿಮಣೆಗಳಿವೆ. ನುಡಿ ತಂತ್ರಾಂಶದಲ್ಲಿ ಟೈಪು ಮಾಡಿ ಪಳಗಿದ ಕೈಗೆ ಬಹುಪಾಲು ಕೀಲಿಗಳು ಪರಿಚಿತ. ಏನನ್ನೂ ಇಳಿಸಿಕೊಳ್ಳಬೇಕಿಲ್ಲ, ಇಂಟರ್‌ನೆಟ್ ಕೂಡ ಬೇಕಿಲ್ಲ.

◆ ಅಕ್ಷರಗಳಿಗೂ ಕೊರತೆಯಿಲ್ಲ. ಡೆಬಿಯನ್‌ನ ಭಂಡಾರದಲ್ಲಿ ‘ಗುಬ್ಬಿ’, ‘ನವಿಲು’ ಎಂಬ ಎರಡು ಮುಕ್ತ ಕನ್ನಡ ಅಕ್ಷರಶೈಲಿಗಳಿವೆ.

◆ ಉಬುಂಟು ಪೆನ್‌ಡ್ರೈವ್ ಬೂಟ್ ಆದ ಮೇಲೆ ವಿಂಡೋಸ್ ಕೀಲಿ, ಆಲ್ಟ್, ಎಸ್ ಮೂರನ್ನೂ ಒಟ್ಟಿಗೆ ಒತ್ತಿ ನೋಡಿ. ಓರ್ಕಾ ಎಂಬ ಪರದೆವಾಚಕ ಮಾತಾಡತೊಡಗುತ್ತದೆ. ಅದಕ್ಕೆ ದನಿ ಕೊಡುವ ಇ-ಸ್ಪೀಕ್‌ಗೆ ಕನ್ನಡವೂ ಗೊತ್ತು. ದನಿ ಯಾಂತ್ರಿಕವೇ, ಒಪ್ಪಬೇಕು. ಆದರೆ ಪರದೆವಾಚಕ ತಂತ್ರಾಂಶಕ್ಕೆ ಸಾವಿರಾರು ರೂಪಾಯಿ ಕೊಡಲಾಗದ ಅಂಧ ವಿದ್ಯಾರ್ಥಿಯೊಬ್ಬ ಯಾರದೋ ಕಂಪ್ಯೂಟರಿಗೆ ತನ್ನ ಪೆನ್‌ಡ್ರೈವ್ ಸಿಕ್ಕಿಸಿ ಕನ್ನಡದಲ್ಲಿ ಪಾಠ ಕೇಳಬಹುದು. ಈ ಅಂಕಣದಲ್ಲಿರುವ ಎಲ್ಲ ಸಂಗತಿಗಳಲ್ಲಿ ಹೆಚ್ಚು ಜನಕ್ಕೆ ತಿಳಿಯಬೇಕಾದದ್ದು ಇದು.

◆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಒಪ್ಪದ ಗಟ್ಟಿಮುಟ್ಟಾದ ಯಂತ್ರಗಳು ಮನೆಮನೆಯಲ್ಲಿವೆ. ಲಿನಕ್ಸ್‌ಗೆ ಬದಲಾಗುವ ಯೋಚನೆಯಿದ್ದರೆ ಹಾರ್ಡ್ ಡಿಸ್ಕ್ ಮುಟ್ಟುವ ಮೊದಲು ಒಂದು ವಾರ ಪೆನ್‌ಡ್ರೈವಿನಲ್ಲೇ ಬಳಸಿ ನೋಡಿ. ವೈ-ಫೈ ಹಿಡಿಯುತ್ತದೆಯೇ? ಹಿಂದೆ ಇದೇ ದೊಡ್ಡ ತಲೆನೋವಾಗಿತ್ತು. 2023ರ ಡೆಬಿಯನ್ 12ರಿಂದ ವೈ-ಫೈ ಚಿಪ್ಪುಗಳಿಗೆ ಬೇಕಾದ ಫರ್ಮ್‌ವೇರ್ ಅಧಿಕೃತ ಐಎಸ್‌ಒದಲ್ಲೇ ಬರುತ್ತಿದೆ. ಸ್ಪೀಕರ್, ಮೈಕ್, ಕ್ಯಾಮೆರಾ, ಬ್ಲೂಟೂತ್ ಪರೀಕ್ಷಿಸಿ. ಪ್ರಿಂಟರಿನಲ್ಲಿ ಒಂದು ಕನ್ನಡ ಪುಟ ಮುದ್ರಿಸಿ, ಒತ್ತಕ್ಷರಗಳು ಸರಿಯಾಗಿ ಬಿದ್ದಿವೆಯೇ ನೋಡಿ. ಮುಚ್ಚಳ ಮುಚ್ಚಿ ತೆರೆದಾಗ ಯಂತ್ರ ಎಚ್ಚರಗೊಳ್ಳಬೇಕು. ಇಷ್ಟೂ ಸರಿಯಿದ್ದರೆ ಡೆಸ್ಕ್‌ಟಾಪಿನ ಮೇಲಿರುವ ‘ಇನ್‌ಸ್ಟಾಲ್’ ಗುಂಡಿ ಒತ್ತಬಹುದು, ಕಡತಗಳ ನಕಲನ್ನು ಬೇರೆ ಡಿಸ್ಕಿನಲ್ಲಿ ತೆಗೆದಿಟ್ಟುಕೊಂಡ ಮೇಲೆ.